ಆ ಡಿಸ್ಟ್ರಿಕ್ಟ್ ಜಡ್ಜ್ ನಮ್ಮ ಜಿಲ್ಲಾ ನ್ಯಾಯಾಧೀಶರಲ್ಲ

ಪ್ರಶ್ನೆ: ಸರ್, ನಾನು ಸಾಗರ ತಾಲ್ಲೂಕಿನ ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಮಗ ಸಿಯಾಟಲ್‌ನಲ್ಲಿ ಎಚ್-1ಬಿ ಉದ್ಯೋಗ ವೀಸಾದಲ್ಲಿದ್ದಾನೆ, ಸೊಸೆಯದು ಅಂಥವರ ಸಂಗಾತಿಗೆ ಕೊಡುವ ಎಚ್-4. 2025ರ ಆಗಸ್ಟ್‌ನಲ್ಲಿ ಅಲ್ಲೇ ಮೊಮ್ಮಗಳು ಹುಟ್ಟಿದಳು. ಇಂಥ ಮಕ್ಕಳಿಗೆ ಹುಟ್ಟಿನಿಂದ ಪೌರತ್ವ ಸಿಗುವುದಿಲ್ಲ ಎಂದು ಅಧ್ಯಕ್ಷ ಟ್ರಂಪ್ ಹೊರಡಿಸಿದ ಆದೇಶವನ್ನು ಮೊದಲು ತಡೆದದ್ದು ಒಬ್ಬ ‘ಡಿಸ್ಟ್ರಿಕ್ಟ್ ಜಡ್ಜ್’ ಎಂದು ಓದಿದೆ. ಶಿವಮೊಗ್ಗದ ಜಿಲ್ಲಾ ನ್ಯಾಯಾಧೀಶರು ಪ್ರಧಾನಮಂತ್ರಿಯ ಆದೇಶವನ್ನು ದೇಶಕ್ಕೆಲ್ಲ ತಡೆದದ್ದನ್ನು ನಾನಂತೂ ಕಂಡಿಲ್ಲ. ಆಮೇಲೆ ಸುಪ್ರೀಂ ಕೋರ್ಟು ‘ಹಾಗೆ ತಡೆಯಬಾರದು’ ಅಂದಿತಂತೆ. ಆದರೂ ಆದೇಶ ಜಾರಿಗೆ ಬರಲಿಲ್ಲವಂತೆ. 2025ರ ಡಿಸೆಂಬರಿನಲ್ಲಿ ಮತ್ತೆ ಸುಪ್ರೀಂ ಕೋರ್ಟಿನ ಮುಂದೆ ಬಂತಂತೆ. ಮಗನನ್ನು ಕೇಳಿದರೆ ‘ಅಪ್ಪ, ಅದು ಸ್ಟೇಟ್ ಕೋರ್ಟಲ್ಲ, ಫೆಡರಲ್ ಕೋರ್ಟು’ ಅಂತಾನೆ. ಎರಡೆರಡು ಕೋರ್ಟು ಯಾಕೆ? ಯಾರ ಮೇಲೆ ಯಾರು? ಸ್ವಲ್ಪ ಬಿಡಿಸಿ ಹೇಳಿ.

ಉತ್ತರ: ಮೇಷ್ಟ್ರೇ, ನಿಮ್ಮ ಗೊಂದಲದಲ್ಲಿ ಅರ್ಧ ಪಾಲು ಒಂದು ಪದದ್ದು. ‘ಡಿಸ್ಟ್ರಿಕ್ಟ್’ ಅಂದ ಕೂಡಲೇ ನಮ್ಮ ಕಣ್ಣಿಗೆ ಕಟ್ಟುವುದು ಡಿ.ಸಿ. ಆಫೀಸು, ಅದರ ಆಚೆಗಿನ ಕೋರ್ಟಿನ ಆವರಣ, ಮರದಡಿ ಟೈಪಿಂಗ್ ಮಷೀನು ಇಟ್ಟುಕೊಂಡು ಕೂತವರು. ಪತ್ರಿಕೆಗಳೂ ‘ಜಿಲ್ಲಾ ನ್ಯಾಯಾಲಯ’ ಎಂದೇ ಅನುವಾದಿಸಿ ಕೈತೊಳೆದುಕೊಳ್ಳುತ್ತವೆ. ಅನುವಾದವೇನೋ ಸರಿ, ಅದು ಮೂಡಿಸುವ ಚಿತ್ರ ತಪ್ಪು. ಅಮೆರಿಕದ ಫೆಡರಲ್ (ಅಂದರೆ ರಾಜ್ಯದ್ದಲ್ಲದ, ಒಕ್ಕೂಟದ) ಡಿಸ್ಟ್ರಿಕ್ಟ್ ಜಡ್ಜನ್ನು ನಮ್ಮಲ್ಲಿ ಯಾರಿಗಾದರೂ ಹೋಲಿಸಲೇಬೇಕೆಂದರೆ ಹೈಕೋರ್ಟಿನ ಏಕಸದಸ್ಯ ಪೀಠದಲ್ಲಿ ಕೂತು ರಿಟ್ ಅರ್ಜಿ ಕೇಳುವ ನ್ಯಾಯಮೂರ್ತಿಗಳಿಗೆ ಹೋಲಿಸಬೇಕು. ಅದೂ ಪೂರ್ತಿ ಹೊಂದುವುದಿಲ್ಲ. ಯಾಕೆಂದರೆ ಅದೇ ಜಡ್ಜ್ ಬೆಳಿಗ್ಗೆ ಅಧ್ಯಕ್ಷರ ಆದೇಶಕ್ಕೆ ತಡೆ ಕೊಟ್ಟು, ಮಧ್ಯಾಹ್ನ ಬ್ಯಾಂಕ್ ದರೋಡೆಯ ಕೇಸಿನಲ್ಲಿ ಸಾಕ್ಷಿ ವಿಚಾರಣೆ ನಡೆಸುತ್ತಿರುತ್ತಾರೆ.

ಮೊದಲು ಆ ಜಡ್ಜ್ ಯಾರು ಅಂತ ನೋಡೋಣ. ಆದೇಶ ಹೊರಬಿದ್ದದ್ದು 2025ರ ಜನವರಿ 20ರಂದು. ತಾಯಿ ಅಕ್ರಮವಾಗಿಯೋ ತಾತ್ಕಾಲಿಕ ವೀಸಾದ ಮೇಲೋ ಇದ್ದು, ತಂದೆ ಪೌರನೂ ಅಲ್ಲದೆ ಗ್ರೀನ್ ಕಾರ್ಡ್ (ಕಾಯಂ ವಾಸದ ಪರವಾನಗಿ) ಕೂಡ ಇಲ್ಲದವನಾದರೆ, ಮೂವತ್ತು ದಿನಗಳ ನಂತರ ಹುಟ್ಟುವ ಮಗುವನ್ನು ಪೌರ ಎಂದು ಗುರುತಿಸಬೇಡಿ ಎಂದು ಇಲಾಖೆಗಳಿಗೆ ಅದು ಹೇಳಿತು. ವಾಷಿಂಗ್ಟನ್, ಆರಿಜೋನಾ, ಇಲಿನಾಯ್, ಆರೆಗಾನ್ ಈ ನಾಲ್ಕು ರಾಜ್ಯಗಳು ಸಿಯಾಟಲ್‌ನ ಫೆಡರಲ್ ಕೋರ್ಟಿಗೆ ಓಡಿದವು. ಮೂರೇ ದಿನಕ್ಕೆ, ಜನವರಿ 23ಕ್ಕೆ, ಜಡ್ಜ್ ಜಾನ್ ಕಫೆನೋರ್ ತಡೆ ಕೊಟ್ಟರು. ಆಗ ಅವರಿಗೆ 83 ವರ್ಷ. ಅವರನ್ನು ನೇಮಿಸಿದ್ದು 1981ರಲ್ಲಿ ರೊನಾಲ್ಡ್ ರೇಗನ್, ಅಂದರೆ ಟ್ರಂಪ್ ಅವರದೇ ರಿಪಬ್ಲಿಕನ್ ಪಕ್ಷದ ಅಧ್ಯಕ್ಷರು. ನಾಲ್ಕು ದಶಕ ಪೀಠದಲ್ಲಿ ಕೂತಿದ್ದೇನೆ, ಇಷ್ಟು ಸ್ಪಷ್ಟವಾದ ಪ್ರಶ್ನೆ ಇನ್ನೊಂದು ಬಂದದ್ದು ನೆನಪಿಲ್ಲ ಎಂದು ಅವರು ಸರ್ಕಾರಿ ವಕೀಲರಿಗೆ ಮುಖಕ್ಕೇ ಹೇಳಿದರು.

83 ವರ್ಷ ಅಂದದ್ದಕ್ಕೆ ನೀವು ಹುಬ್ಬೇರಿಸಿರಬಹುದು. ನಮ್ಮ ಹೈಕೋರ್ಟಿನವರು 62ಕ್ಕೆ, ಸುಪ್ರೀಂ ಕೋರ್ಟಿನವರು 65ಕ್ಕೆ ಮನೆಗೆ ಹೋಗಬೇಕು. ಅಲ್ಲಿ ನಿವೃತ್ತಿ ವಯಸ್ಸೇ ಇಲ್ಲ. ಸಂವಿಧಾನದ ಮೂರನೆಯ ವಿಧಿ ಹೇಳುವುದು ಇಷ್ಟೇ: ಸನ್ನಡತೆ ಇರುವ ತನಕ ಹುದ್ದೆ, ಹುದ್ದೆಯಲ್ಲಿರುವ ತನಕ ಸಂಬಳ ಇಳಿಸುವಂತಿಲ್ಲ. ನಮ್ಮಲ್ಲಿರುವಂತೆ ನ್ಯಾಯಮೂರ್ತಿಗಳೇ ನ್ಯಾಯಮೂರ್ತಿಗಳ ಹೆಸರು ಆರಿಸುವ ಕೊಲಿಜಿಯಂ ಇಲ್ಲ. ಅಧ್ಯಕ್ಷರು ಹೆಸರು ಸೂಚಿಸುತ್ತಾರೆ, ಸೆನೆಟ್ ಮತ ಹಾಕಿ ಒಪ್ಪುತ್ತದೆ. ಡಿಸ್ಟ್ರಿಕ್ಟ್ ಜಡ್ಜಿನಿಂದ ಮುಖ್ಯ ನ್ಯಾಯಮೂರ್ತಿಯವರೆಗೆ ಎಲ್ಲರಿಗೂ ಇದೊಂದೇ ದಾರಿ. ತೆಗೆಯಬೇಕೆಂದರೆ ಮಹಾಭಿಯೋಗವೇ ಆಗಬೇಕು. 1789ರಿಂದ ಇಲ್ಲಿಯವರೆಗೆ ಕೆಳಮನೆ ಆರೋಪ ಹೊರಿಸಿದ್ದು 15 ಫೆಡರಲ್ ಜಡ್ಜ್‌ಗಳ ಮೇಲೆ, ಸೆನೆಟ್ ತಪ್ಪಿತಸ್ಥರೆಂದು ಹುದ್ದೆಯಿಂದ ಕಿತ್ತದ್ದು ಎಂಟು ಮಂದಿಯನ್ನು. ಸುಪ್ರೀಂ ಕೋರ್ಟಿನವರ ಪೈಕಿ ಈ ಪರೀಕ್ಷೆಗೆ ಸಿಕ್ಕಿದ್ದು ಸ್ಯಾಮ್ಯುಯೆಲ್ ಚೇಸ್ ಒಬ್ಬರೇ. ಅವರು 1805ರಲ್ಲಿ ಪಾರಾದರು. ತೀರ್ಪು ಹಿಡಿಸಲಿಲ್ಲ ಎಂದು ಜಡ್ಜನ್ನು ಇಳಿಸುವುದಿಲ್ಲ ಎಂಬ ರೂಢಿ ಬೇರು ಬಿಟ್ಟದ್ದು ಅಂದೇ.

ನೇಮಕದಲ್ಲಿ ರಾಜಕೀಯ ಧಾರಾಳವಾಗಿದೆ, ಅದನ್ನು ಯಾರೂ ಮುಚ್ಚಿಡುವುದಿಲ್ಲ. ನೇಮಿಸಿದ ಮೇಲೆ ಮಾತ್ರ ಹಗ್ಗ ಕೈಯಲ್ಲಿ ಉಳಿಯುವುದಿಲ್ಲ. ರೇಗನ್ ನೇಮಿಸಿದವರು ಟ್ರಂಪ್ ಆದೇಶ ತಡೆದದ್ದರಲ್ಲಿ ಅಂಥ ಸೋಜಿಗವೇನಿಲ್ಲ. ನನ್ನನ್ನು ಕೇಳಿದರೆ ಸೋಜಿಗ ಪಡಬೇಕಾದದ್ದು ವಯಸ್ಸಿನ ಮಿತಿ ಇಲ್ಲದಿರುವ ಬಗ್ಗೆ. ತೊಂಬತ್ತು ದಾಟಿದವರೂ ಅಲ್ಲಿ ಪೀಠ ಬಿಟ್ಟಿಲ್ಲ. ಅದನ್ನು ನಾನು ಹೊಗಳಲಾರೆ.

ಈಗ ನಿಮ್ಮ ಮುಖ್ಯ ಪ್ರಶ್ನೆ. ನಮ್ಮ ಜಿಲ್ಲಾ ನ್ಯಾಯಾಧೀಶರ ಮುಂದೆ ‘ಈ ಕಾಯ್ದೆಯೇ ಸಂವಿಧಾನಕ್ಕೆ ವಿರುದ್ಧ’ ಎಂಬ ವಾದ ಬಂದರೆ ಅವರು ಅದನ್ನು ತಾವೇ ತೀರ್ಮಾನಿಸಿ ಕಾಯ್ದೆ ರದ್ದು ಮಾಡುವಂತಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 113ನೇ ಕಲಂ ಪ್ರಕಾರ ಹೈಕೋರ್ಟಿಗೆ ಬರೆದು ಕೇಳಬೇಕು. ಹೈಕೋರ್ಟೇ 228ನೇ ವಿಧಿಯಡಿ ಆ ಕೇಸನ್ನು ತನ್ನ ಬಳಿಗೆ ಎಳೆದುಕೊಳ್ಳಲೂಬಹುದು. ಅಂದರೆ ನಮ್ಮಲ್ಲಿ ಸಂವಿಧಾನದ ಬಾಗಿಲು ಮಹಡಿಯ ಮೇಲಿದೆ. 226ನೇ ವಿಧಿಯ ಮೆಟ್ಟಿಲು ಹೈಕೋರ್ಟಿಗೆ, 32ನೇ ವಿಧಿಯದು ಸುಪ್ರೀಂ ಕೋರ್ಟಿಗೆ. ಅಮೆರಿಕದಲ್ಲಿ ಆ ಬಾಗಿಲು ಇರುವುದು ನೆಲಮಹಡಿಯಲ್ಲೇ. ಅಲ್ಲಿ ಯಾವ ಕೋರ್ಟೇ ಆಗಲಿ, ತನ್ನ ಮುಂದಿನ ವ್ಯಾಜ್ಯ ತೀರಿಸಲು ಸಂವಿಧಾನ ಬಿಡಿಸಿ ನೋಡಬೇಕಾಗಿ ಬಂದರೆ ನೋಡಲೇಬೇಕು. ಸಂವಿಧಾನ ಒಂದು ಕಡೆ, ಕಾಯ್ದೆಯೋ ಆದೇಶವೋ ಇನ್ನೊಂದು ಕಡೆ ಎಳೆದರೆ ಸಂವಿಧಾನವನ್ನೇ ಹಿಡಿಯಬೇಕು. ಈ ಅಧಿಕಾರ ಬರುವುದು ಜಡ್ಜಿನ ಅಂತಸ್ತಿನಿಂದಲ್ಲ, ಅವರ ಮುಂದಿರುವ ಕೇಸಿನಿಂದ. ಇದೊಂದನ್ನು ಹಿಡಿದುಕೊಂಡರೆ ಮುಂದಿನದೆಲ್ಲ ತಾನಾಗಿ ಬಿಚ್ಚಿಕೊಳ್ಳುತ್ತದೆ.

ತಮಾಷೆಯೆಂದರೆ, ಕೋರ್ಟುಗಳು ಕಾಯ್ದೆ ರದ್ದು ಮಾಡಬಹುದು ಎಂಬ ಮಾತು ಅಮೆರಿಕದ ಸಂವಿಧಾನದಲ್ಲಿ ಎಲ್ಲೂ ಬರೆದಿಲ್ಲ. ನಮ್ಮವರು 13ನೇ ವಿಧಿಯಲ್ಲಿ ಸ್ಪಷ್ಟವಾಗಿ ಬರೆದಿಟ್ಟರು. ಅಲ್ಲಿ ಅದು ಹುಟ್ಟಿದ್ದು ಒಂದು ನೇಮಕಪತ್ರ ತಲುಪದೆ ಹೋದ ಗಲಾಟೆಯಿಂದ. 1801ರಲ್ಲಿ ಚುನಾವಣೆ ಸೋತು ಹೊರಡುವ ಮುನ್ನ ಅಧ್ಯಕ್ಷ ಜಾನ್ ಆಡಮ್ಸ್ ತಮ್ಮ ಕಡೆಯವರಿಗೆ ಗಡಿಬಿಡಿಯಲ್ಲಿ ಹುದ್ದೆ ಹಂಚಿದರು. ಸಹಿ ಬಿತ್ತು, ಮೊಹರು ಬಿತ್ತು, ಆದರೆ ಕೆಲವು ಪತ್ರಗಳು ಮೇಜಿನ ಮೇಲೇ ಉಳಿದವು. ವಿಲಿಯಂ ಮಾರ್ಬರಿ ಎಂಬಾತನದೂ ಅದರಲ್ಲೊಂದು. ಹೊಸ ಅಧ್ಯಕ್ಷ ಜೆಫರ್ಸನ್ ಕೊಡಬೇಡಿ ಎಂದರು. ಮಾರ್ಬರಿ ನೇರವಾಗಿ ಸುಪ್ರೀಂ ಕೋರ್ಟಿಗೆ ಹೋದ. ಅಲ್ಲಿ ಮುಖ್ಯ ನ್ಯಾಯಮೂರ್ತಿಯಾಗಿ ಕೂತಿದ್ದವರು ಯಾರು? ಆಡಮ್ಸ್ ಸರ್ಕಾರದಲ್ಲಿ ವಿದೇಶಾಂಗ ಕಾರ್ಯದರ್ಶಿಯಾಗಿ ಆ ಪತ್ರಗಳನ್ನು ತಲುಪಿಸಬೇಕಾಗಿದ್ದ ಜಾನ್ ಮಾರ್ಷಲ್! ಇಂದಾಗಿದ್ದರೆ ಅವರು ಆ ಕೇಸಿನಿಂದ ಹಿಂದೆ ಸರಿಯಬೇಕಾಗುತ್ತಿತ್ತು. 1803ರಲ್ಲಿ ಮಾರ್ಷಲ್ ಬರೆದ ತೀರ್ಪಿನ ಜಾಣತನ ನೋಡಿ. ಮಾರ್ಬರಿಗೆ ಹಕ್ಕಿದೆ, ಸರ್ಕಾರ ಮಾಡಿದ್ದು ತಪ್ಪು, ಆದರೆ ಇಂಥ ಅರ್ಜಿಯನ್ನು ನೇರವಾಗಿ ನಮ್ಮಲ್ಲಿಗೆ ತರಲು ಬಿಟ್ಟ 1789ರ ಕಾಯ್ದೆಯ ಆ ಕಲಮೇ ಸಂವಿಧಾನಕ್ಕೆ ವಿರುದ್ಧ, ಹಾಗಾಗಿ ನಾವೇನೂ ಮಾಡಲಾರೆವು ಅಂದರು. ಮಾರ್ಬರಿಗೆ ಹುದ್ದೆ ಸಿಗಲಿಲ್ಲ. ಪಾಲಿಸಲು ಆದೇಶವೇ ಇಲ್ಲದ್ದರಿಂದ ಜೆಫರ್ಸನ್ ಅವರಿಗೆ ಧಿಕ್ಕರಿಸುವ ಅವಕಾಶವೂ ಸಿಗಲಿಲ್ಲ. ಕಾಯ್ದೆಯನ್ನು ಅಸಿಂಧು ಎನ್ನುವ ಅಧಿಕಾರ ಮಾತ್ರ ಕೋರ್ಟಿನ ಕೈಗೆ ಬಂದು ಕೂತಿತು.

ಸರಿ, ತಡೆಯುವ ಅಧಿಕಾರ ಇದೆ. ಎಷ್ಟು ದೂರಕ್ಕೆ? 2025ರಲ್ಲಿ ಜಗಳವಾದದ್ದು ಇದರ ಬಗ್ಗೆ, ಪೌರತ್ವದ ಬಗ್ಗೆ ಅಲ್ಲ. ಸಿಯಾಟಲ್ ಬಿಟ್ಟು ಮೇರಿಲ್ಯಾಂಡ್, ಮ್ಯಾಸಚೂಸೆಟ್ಸ್ ಜಡ್ಜ್‌ಗಳೂ ಇಡೀ ದೇಶಕ್ಕೆ ಅನ್ವಯಿಸುವ ತಡೆ ಕೊಟ್ಟರು. ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಗಿ, ಆದೇಶ ಸರಿಯೋ ತಪ್ಪೋ ಆಮೇಲೆ ನೋಡಿ, ಅರ್ಜಿ ಹಾಕದವರಿಗೂ ಒಬ್ಬ ಜಡ್ಜ್ ಪರಿಹಾರ ಕೊಡಬಹುದೇ ಅಷ್ಟು ಹೇಳಿ ಎಂದು ಕೇಳಿತು. ಜೂನ್ 27ರಂದು ಆರು–ಮೂರರ ಬಹುಮತದ ತೀರ್ಪು ಬಂತು, ಬರೆದವರು ಏಮಿ ಕೋನಿ ಬ್ಯಾರೆಟ್. 1789ರಲ್ಲಿ ಕಾಂಗ್ರೆಸ್ (ಅಮೆರಿಕದ ಸಂಸತ್ತು) ಕೋರ್ಟುಗಳಿಗೆ ಕೊಟ್ಟ ಅಧಿಕಾರ ವ್ಯಾಜ್ಯದ ಕಕ್ಷಿಗಳಿಗೆ ಪೂರ್ಣ ಪರಿಹಾರ ಕೊಡುವಷ್ಟು ಮಾತ್ರ, ಊರಿಗೆಲ್ಲ ಹಂಚುವಷ್ಟು ಇರುವಂತಿಲ್ಲ ಎಂಬುದು ಅದರ ಸಾರ. ಆದೇಶ ಸಂವಿಧಾನಬದ್ಧವೇ ಎಂಬುದನ್ನು ಅವತ್ತು ಮುಟ್ಟಲೇ ಇಲ್ಲ. ಇಲ್ಲಿನ ಟಿವಿಗಳು ‘ಟ್ರಂಪ್‌ಗೆ ಜಯ, ಜನ್ಮಸಿದ್ಧ ಪೌರತ್ವ ರದ್ದು’ ಎಂಬ ಧಾಟಿಯಲ್ಲಿ ಕೂಗಿದ್ದು ಇದರ ಮೇಲೇ. ನಿಮ್ಮ ಮನೆಯಲ್ಲಿ ಆ ರಾತ್ರಿ ಯಾರೂ ನಿದ್ದೆ ಮಾಡಿರಲಿಕ್ಕಿಲ್ಲ.

ಆದರೆ ಅದೇ ದಿನ ವಕೀಲರು ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಬೇರೆ ದಾರಿ ಹಿಡಿದರು. ಅದರ ಹೆಸರು ಕ್ಲಾಸ್ ಆಕ್ಷನ್. ಒಂದೇ ಬಗೆಯ ತೊಂದರೆ ಇರುವ ಎಲ್ಲರ ಪರವಾಗಿ ಕೆಲವರು ದಾವೆ ಹೂಡುವುದು, ಕೋರ್ಟು ಒಪ್ಪಿದರೆ ಆ ಗುಂಪಿನ ಪ್ರತಿಯೊಬ್ಬರೂ ಕಕ್ಷಿದಾರರೇ. ಜುಲೈ 10ರಂದು ಜಡ್ಜ್ ಜೋಸೆಫ್ ಲಪ್ಲಾಂಟ್ (ಇವರೂ ರಿಪಬ್ಲಿಕನ್ ಅಧ್ಯಕ್ಷ ಜಾರ್ಜ್ ಡಬ್ಲ್ಯೂ. ಬುಷ್ ನೇಮಿಸಿದವರು) 2025ರ ಫೆಬ್ರವರಿ 20ರಿಂದ ಈಚೆಗೆ ಹುಟ್ಟಿದ, ಹುಟ್ಟಲಿರುವ ಅಂಥ ಎಲ್ಲ ಮಕ್ಕಳನ್ನೂ ಒಂದು ಗುಂಪು ಎಂದು ಒಪ್ಪಿ ತಡೆ ಕೊಟ್ಟರು. ಆಗಸ್ಟ್‌ನಲ್ಲಿ ಸಿಯಾಟಲ್‌ನಲ್ಲಿ ಹುಟ್ಟಿದ ನಿಮ್ಮ ಮೊಮ್ಮಗಳು, ತಾನೆಂದೂ ನೋಡದ ನ್ಯೂ ಹ್ಯಾಂಪ್‌ಶೈರ್ ಕೋರ್ಟಿನಲ್ಲಿ ಕಣ್ಣು ಬಿಡುವ ಮೊದಲೇ ವಾದಿ! ಆದೇಶ ಒಂದು ದಿನವೂ ಜಾರಿಗೆ ಬಾರದೆ ಇದ್ದದ್ದು ಹೀಗೆ.

ದೇಶವ್ಯಾಪಿ ತಡೆಯಾಜ್ಞೆ ಒಂದೇ ಪಕ್ಷದ ಆಯುಧ ಅಂದುಕೊಳ್ಳಬೇಡಿ. 2015ರಲ್ಲಿ ಒಬಾಮ ಅವರ ವಲಸೆ ಯೋಜನೆಯನ್ನು ತಡೆದದ್ದು ಟೆಕ್ಸಾಸ್‌ನ ಗಡಿಯೂರು ಬ್ರೌನ್ಸ್‌ವಿಲ್‌ನ ಒಬ್ಬ ಡಿಸ್ಟ್ರಿಕ್ಟ್ ಜಡ್ಜ್. ಮರುವರ್ಷ ಸುಪ್ರೀಂ ಕೋರ್ಟಿನಲ್ಲಿ ಒಬ್ಬರು ತೀರಿಕೊಂಡು ಎಂಟೇ ಮಂದಿ ಉಳಿದಿದ್ದರು, ಮತ ನಾಲ್ಕು–ನಾಲ್ಕು ಆಯಿತು. ಸಮ ಬಂದರೆ ಕೆಳಗಿನ ತೀರ್ಪೇ ಉಳಿಯುತ್ತದೆ, ಉಳಿಯಿತು. ಆಗ ಬೈದವರು ಈಗ ಹೊಗಳುತ್ತಾರೆ, ಆಗ ಹೊಗಳಿದವರು ಈಗ ಬೈಯುತ್ತಾರೆ. ತಮಗೆ ಒಗ್ಗುವ ಜಡ್ಜ್ ಇರುವ ಊರು ಹುಡುಕಿ ಅಲ್ಲಿ ದಾವೆ ಹೂಡುವ ಚಾಳಿ ಎರಡೂ ಕಡೆಗಿದೆ. ನಮ್ಮಲ್ಲೂ ಈ ಪ್ರಶ್ನೆ ಬೇರೆ ವೇಷದಲ್ಲಿ ಬಂದಿತ್ತು. ಸಂಸತ್ತಿನ ಕಾಯ್ದೆಯ ಸಿಂಧುತ್ವದ ಬಗ್ಗೆ ಒಂದು ಹೈಕೋರ್ಟು ಕೊಟ್ಟ ಆದೇಶಕ್ಕೆ ದೇಶದಾದ್ಯಂತ ಪರಿಣಾಮವಿರುತ್ತದೆ ಎಂದು 2004ರಲ್ಲಿ ಕುಸುಮ್ ಇಂಗಾಟ್ಸ್ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟು ಹೇಳಿದೆ. ಶಿವಮೊಗ್ಗದ ಕೋರ್ಟಿನಲ್ಲಿ ನೀವು ಕಾಣದ್ದನ್ನು ಬೆಂಗಳೂರಿನ ಹೈಕೋರ್ಟು ಮಾಡಬಲ್ಲದು.

ಇನ್ನು ನಿಮ್ಮ ಮಗ ಹೇಳಿದ ಮಾತು. ನಮ್ಮದು ಒಂದೇ ಗೋಪುರ. ಮುನ್ಸೀಫ್ ಕೋರ್ಟಿನಿಂದ ಸುಪ್ರೀಂ ಕೋರ್ಟಿನ ತನಕ ಅದೇ ಮೆಟ್ಟಿಲು. ಕಾನೂನು ಮಾಡಿದ್ದು ವಿಧಾನಸೌಧವೋ ಸಂಸತ್ತೋ ಎಂದು ಕೋರ್ಟು ಬೇರೆಯಾಗುವುದಿಲ್ಲ. ಅಲ್ಲಿ ರಾಜ್ಯಗಳು ಮೊದಲು, ಒಕ್ಕೂಟ ಆಮೇಲೆ. ಹದಿಮೂರು ರಾಜ್ಯಗಳಿಗೆ ಆಗಲೇ ತಮ್ಮ ತಮ್ಮ ಕೋರ್ಟುಗಳಿದ್ದವು, ಬಿಟ್ಟುಕೊಡಲು ಮನಸ್ಸಿರಲಿಲ್ಲ. ಹಾಗಾಗಿ ಇಂದಿಗೂ ಐವತ್ತು ರಾಜ್ಯಗಳಲ್ಲಿ ಐವತ್ತು ಗೋಪುರ, ಪಕ್ಕದಲ್ಲಿ ಫೆಡರಲ್ ಗೋಪುರ ಒಂದು. ವಿಚ್ಛೇದನ, ಆಸ್ತಿ ಪಾಲು, ಸಾಮಾನ್ಯ ಕೊಲೆ, ಕಳವು, ಟ್ರಾಫಿಕ್ ದಂಡ ಎಲ್ಲ ರಾಜ್ಯ ಕೋರ್ಟಿಗೆ. ಅಮೆರಿಕದ ಒಟ್ಟು ವ್ಯಾಜ್ಯಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಅಲ್ಲೇ ಮುಗಿಯುತ್ತವೆ. ಹಲವು ರಾಜ್ಯಗಳಲ್ಲಿ ಜಡ್ಜ್‌ಗಳು ಚುನಾವಣೆಗೆ ನಿಂತು ಗೆದ್ದು ಬರುತ್ತಾರೆ, ರಸ್ತೆ ಬದಿಯಲ್ಲಿ ಅವರ ಹೆಸರಿನ ಫಲಕ ನೆಟ್ಟಿರುವುದನ್ನು ಮಗ ನೋಡಿರುತ್ತಾನೆ. ಇನ್ನೊಂದು ಎಡವಟ್ಟು ಹೆಸರು: ನ್ಯೂಯಾರ್ಕ್ ರಾಜ್ಯದಲ್ಲಿ ‘ಸುಪ್ರೀಂ ಕೋರ್ಟ್’ ಅಂದರೆ ಸಾಕ್ಷಿ ವಿಚಾರಣೆ ನಡೆಯುವ ಕೆಳಗಿನ ಕೋರ್ಟು. ಎಲ್ಲಕ್ಕಿಂತ ಮೇಲಿನದನ್ನು ಅವರು ಕೋರ್ಟ್ ಆಫ್ ಅಪೀಲ್ಸ್ ಅನ್ನುತ್ತಾರೆ. ‘ನ್ಯೂಯಾರ್ಕ್ ಸುಪ್ರೀಂ ಕೋರ್ಟಿನ ತೀರ್ಪು’ ಎಂಬ ಸುದ್ದಿ ಬಂದಾಗ ಇದನ್ನು ನೆನಪಿಟ್ಟುಕೊಳ್ಳಿ.

ಫೆಡರಲ್ ಬಾಗಿಲು ತೆರೆಯುವುದು ಮುಖ್ಯವಾಗಿ ಎರಡು ಕೀಲಿಗೆ. ವಿವಾದ ಸಂವಿಧಾನದ್ದೋ ಕಾಂಗ್ರೆಸ್ ಮಾಡಿದ ಕಾನೂನಿನದ್ದೋ ಆಗಿರಬೇಕು. ವಲಸೆ, ಪೇಟೆಂಟ್, ದಿವಾಳಿ, ಆದಾಯ ತೆರಿಗೆ ಎಲ್ಲ ಇದರಡಿ ಬರುತ್ತವೆ. ಇಲ್ಲವೇ ಕಕ್ಷಿಗಳು ಬೇರೆ ಬೇರೆ ರಾಜ್ಯದವರಾಗಿದ್ದು ವ್ಯಾಜ್ಯದ ಮೊತ್ತ 75,000 ಡಾಲರ್ ಮೀರಿರಬೇಕು. ಎರಡನೆಯದರ ಹಿಂದಿರುವುದು ಹಳೆಯ ಅನುಮಾನ. ಪರಊರಿನ ಕೋರ್ಟು ತನ್ನ ಊರಿನವನ ಕಡೆಗೇ ವಾಲೀತು ಎಂಬ ಭಯ ಯಾವ ದೇಶದಲ್ಲಿಲ್ಲ?

ಯಾರ ಮೇಲೆ ಯಾರು ಎಂದಿರಿ. ರಾಜ್ಯದ ಕಾನೂನಿಗೆ ಅರ್ಥ ಹೇಳುವುದರಲ್ಲಿ ಆ ರಾಜ್ಯದ ಉನ್ನತ ಕೋರ್ಟಿನದೇ ಕೊನೆಯ ಮಾತು, ರಾಜಧಾನಿಯ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳೂ ಅದನ್ನು ತಿದ್ದುವಂತಿಲ್ಲ. ಫೆಡರಲ್ ಪ್ರಶ್ನೆ ಇದ್ದರೆ ಮಾತ್ರ ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋಗಬಹುದು. ಎರಡು ಗೋಪುರಗಳು ಎಷ್ಟು ಬೇರೆ ಎಂಬುದಕ್ಕೆ ಜಾರ್ಜ್ ಫ್ಲಾಯ್ಡ್ ಪ್ರಕರಣ ನೋಡಿ. ಮಿನಿಯಾಪೊಲಿಸ್‌ನಲ್ಲಿ ಅವನ ಕುತ್ತಿಗೆ ಮೇಲೆ ಮಂಡಿಯೂರಿದ ಪೊಲೀಸ್ ಡೆರೆಕ್ ಶೋವಿನ್ 2021ರಲ್ಲಿ ರಾಜ್ಯ ಕೋರ್ಟಿನಲ್ಲಿ ಕೊಲೆ ಅಪರಾಧಿಯಾದ. ಅದೇ ಕೃತ್ಯಕ್ಕೆ, ನಾಗರಿಕ ಹಕ್ಕಿನ ಉಲ್ಲಂಘನೆಯೆಂದು, ಫೆಡರಲ್ ಕೋರ್ಟಿನಲ್ಲೂ ತಪ್ಪೊಪ್ಪಿಕೊಂಡ. 2022ರಲ್ಲಿ ಅಲ್ಲಿ 21 ವರ್ಷ ಶಿಕ್ಷೆಯಾಯಿತು. ಒಂದೇ ತಪ್ಪಿಗೆ ಎರಡು ಶಿಕ್ಷೆ ಕೂಡದು ಎಂಬ ನಿಯಮ ಇಲ್ಲಿ ಅಡ್ಡ ಬರುವುದಿಲ್ಲ, ಯಾಕೆಂದರೆ ಕೇಳುತ್ತಿರುವವರು ಇಬ್ಬರು ಒಡೆಯರು. ಅಧ್ಯಕ್ಷರ ಕ್ಷಮಾದಾನವೂ ಫೆಡರಲ್ ಅಪರಾಧಕ್ಕಷ್ಟೇ, ರಾಜ್ಯದ ಜೈಲಿನ ಬೀಗ ಅದಕ್ಕೆ ತೆರೆಯದು.

ಫೆಡರಲ್ ಗೋಪುರದ ಬುಡದಲ್ಲಿ 94 ಡಿಸ್ಟ್ರಿಕ್ಟ್‌ಗಳಿವೆ. ಪ್ರತಿ ರಾಜ್ಯಕ್ಕೆ ಕನಿಷ್ಠ ಒಂದು. ಕ್ಯಾಲಿಫೋರ್ನಿಯಾ, ಟೆಕ್ಸಾಸ್, ನ್ಯೂಯಾರ್ಕ್‌ಗಳಿಗೆ ನಾಲ್ಕು ನಾಲ್ಕು, ನಿಮ್ಮ ಮಗನಿರುವ ವಾಷಿಂಗ್ಟನ್ ರಾಜ್ಯಕ್ಕೆ ಎರಡು. ನಮ್ಮ ರಾಜ್ಯವೊಂದಕ್ಕೇ 31 ಜಿಲ್ಲೆಗಳಿವೆ, ಗಾತ್ರದ ಅಂದಾಜು ನಿಮಗೇ ಸಿಗುತ್ತದೆ. ರಾಜ್ಯದ ಗಡಿ ದಾಟಿ ಇನ್ನೊಂದು ರಾಜ್ಯದ ನೆಲಕ್ಕೆ ಕಾಲು ಚಾಚಿರುವ ಡಿಸ್ಟ್ರಿಕ್ಟ್ ಒಂದೇ, ವಯೋಮಿಂಗ್. ಯೆಲ್ಲೋಸ್ಟೋನ್ ಉದ್ಯಾನ ಪೂರ್ತಿ ಅದರ ಪಾಲಿಗೆ ಬಂದಿದೆ, ಐಡಾಹೊ ರಾಜ್ಯದೊಳಗಿನ ಸುಮಾರು ಐವತ್ತು ಚದರ ಮೈಲಿಯ ಪಟ್ಟಿಯೂ ಸೇರಿ. ಸಂವಿಧಾನದ ಆರನೆಯ ತಿದ್ದುಪಡಿ ಪ್ರಕಾರ ಜ್ಯೂರಿಗಳು (ತಪ್ಪು ಮಾಡಿದನೋ ಇಲ್ಲವೋ ಎಂದು ಹೇಳುವ ಜನಸಾಮಾನ್ಯರು) ಅಪರಾಧ ನಡೆದ ರಾಜ್ಯದವರೂ ಆಗಿರಬೇಕು, ಆ ಡಿಸ್ಟ್ರಿಕ್ಟಿನವರೂ ಆಗಿರಬೇಕು. ಆ ಪಟ್ಟಿಯಲ್ಲಿ ಒಂದು ನರಪಿಳ್ಳೆಯೂ ವಾಸವಿಲ್ಲ! ಹಾಗಾದರೆ ಅಲ್ಲಿ ಅಪರಾಧ ಮಾಡಿದವನಿಗೆ ಜ್ಯೂರಿ ಎಲ್ಲಿಂದ ತರುತ್ತೀರಿ ಎಂದು 2005ರಲ್ಲಿ ಕಾನೂನು ಪ್ರಾಧ್ಯಾಪಕ ಬ್ರಯಾನ್ ಕಾಲ್ಟ್ ಕೇಳಿದರು. ನಿಮ್ಮ ಪ್ರಶ್ನೆಗೂ ಇದಕ್ಕೂ ಸಂಬಂಧವಿಲ್ಲ, ಮೇಷ್ಟ್ರಿಗೆ ಇಷ್ಟವಾದೀತು ಎಂದು ಬರೆದೆ.

ಜ್ಯೂರಿಯ ಮಾತು ಬಂತು. ಗಂಭೀರ ಫೆಡರಲ್ ಅಪರಾಧವಾದರೆ ಮೊದಲು 16ರಿಂದ 23 ಜನಸಾಮಾನ್ಯರ ಗ್ರ್ಯಾಂಡ್ ಜ್ಯೂರಿ ಆರೋಪಪಟ್ಟಿಗೆ ಒಪ್ಪಬೇಕು. ವಿಚಾರಣೆಯಲ್ಲಿ ಹನ್ನೆರಡು ಜನ, ಹನ್ನೆರಡೂ ಜನ ಒಮ್ಮತಕ್ಕೆ ಬರಬೇಕು. ಸಿನಿಮಾದಲ್ಲಿ ಕಾಣುವುದು ಇದೇ. ನಿಜದಲ್ಲಿ ಹತ್ತರಲ್ಲಿ ಒಂಬತ್ತು ಆರೋಪಿಗಳು ಜ್ಯೂರಿಯ ಮುಖವನ್ನೇ ನೋಡದೆ ಸರ್ಕಾರದೊಡನೆ ಮಾತು ಮುಗಿಸಿ ತಪ್ಪೊಪ್ಪಿಕೊಳ್ಳುತ್ತಾರೆ.

ಡಿಸ್ಟ್ರಿಕ್ಟ್ ಕೋರ್ಟಿನಲ್ಲಿ ಸೋತವರು ಹೋಗುವುದು ಅಪೀಲು ಕೋರ್ಟಿಗೆ, ಅದಕ್ಕೆ ‘ಸರ್ಕ್ಯೂಟ್’ ಎಂದು ಹೆಸರು. ಈ ಪದ ನಮಗೆ ಹೊಸದಲ್ಲ. ಧಾರವಾಡ, ಕಲಬುರಗಿಗಳಿಗೆ 2008ರಲ್ಲಿ ಹೈಕೋರ್ಟು ಮೊದಲು ಬಂದದ್ದು ‘ಸಂಚಾರಿ ಪೀಠ’ವಾಗಿ, ಕಾಯಂ ಆದದ್ದು 2013ರಲ್ಲಿ. ಅಲ್ಲೂ ಕಥೆ ಅದೇ. 1789ರಲ್ಲಿ ಸುಪ್ರೀಂ ಕೋರ್ಟಿನ ಆರು ನ್ಯಾಯಮೂರ್ತಿಗಳು ಕುದುರೆ, ಸಾರೋಟು ಹತ್ತಿ ಮೂರು ಸರ್ಕ್ಯೂಟ್‌ಗಳ ಊರೂರು ಸುತ್ತಿ ವಿಚಾರಣೆ ನಡೆಸಬೇಕಿತ್ತು. ಕೆಸರಿನ ರಸ್ತೆ, ಕೆಟ್ಟ ಛತ್ರ, ಅವರ ಗೋಳು ಹೇಳತೀರದು. ಆ ಅಲೆದಾಟದಿಂದ ಬಿಡುಗಡೆ ಕೊಡಲೆಂದೇ 1891ರಲ್ಲಿ ಕಾಯಂ ಅಪೀಲು ಕೋರ್ಟುಗಳು ಹುಟ್ಟಿದವು. ಈಗ 13 ಇವೆ. ಸಿಯಾಟಲ್ ಬರುವುದು ಒಂಬತ್ತನೆಯ ಸರ್ಕ್ಯೂಟಿಗೆ. ಅಲಾಸ್ಕಾದಿಂದ ಹವಾಯಿವರೆಗೆ ಒಂಬತ್ತು ರಾಜ್ಯ, 29 ಜಡ್ಜ್‌ಗಳು, ಎಲ್ಲಕ್ಕಿಂತ ದೊಡ್ಡದು. ನ್ಯೂ ಹ್ಯಾಂಪ್‌ಶೈರ್ ಇರುವ ಮೊದಲನೆಯ ಸರ್ಕ್ಯೂಟಿನಲ್ಲಿ ಆರೇ ಹುದ್ದೆ.

ಇಲ್ಲಿ ಸಾಕ್ಷಿ ಇಲ್ಲ, ಜ್ಯೂರಿ ಇಲ್ಲ. ಮೂವರು ಜಡ್ಜ್‌ಗಳು ಕಡತ ಓದಿ, ವಕೀಲರನ್ನು ಅರ್ಧ ಗಂಟೆ ಪ್ರಶ್ನೆ ಕೇಳಿ ಎದ್ದು ಹೋಗುತ್ತಾರೆ. ನಮ್ಮಲ್ಲಿ ಹಿರಿಯ ವಕೀಲರು ದಿನಗಟ್ಟಲೆ ವಾದ ಮಂಡಿಸುವುದನ್ನು ಕಂಡವರಿಗೆ ಇದು ನಂಬಲಾಗದ ಮಾತು. ಒಂದು ಸರ್ಕ್ಯೂಟಿನ ತೀರ್ಪು ಅದರ ಗಡಿಯೊಳಗೆ ಮಾತ್ರ ಬದ್ಧ. ಹಾಗಾಗಿ ಒಂದೇ ಫೆಡರಲ್ ಕಾನೂನಿಗೆ ಕ್ಯಾಲಿಫೋರ್ನಿಯಾದಲ್ಲಿ ಒಂದು ಅರ್ಥ, ಟೆಕ್ಸಾಸ್‌ನಲ್ಲಿ ಇನ್ನೊಂದು ಅರ್ಥ ವರ್ಷಗಟ್ಟಲೆ ನಡೆಯುವುದುಂಟು. ಸುಪ್ರೀಂ ಕೋರ್ಟು ಕೇಸುಗಳನ್ನು ಆರಿಸಿಕೊಳ್ಳುವಾಗ ಮೊದಲು ನೋಡುವುದು ಇಂಥ ಬಿರುಕನ್ನೇ. ಸಲಿಂಗ ವಿವಾಹದ ವಿಷಯ ಹಾಗೇ ಆಯಿತು. ಬೇರೆ ಸರ್ಕ್ಯೂಟ್‌ಗಳು ನಿಷೇಧವನ್ನು ಹೊಡೆದುಹಾಕುತ್ತಿದ್ದಾಗ 2014ರ ನವೆಂಬರಿನಲ್ಲಿ ಆರನೆಯ ಸರ್ಕ್ಯೂಟ್ ಎತ್ತಿಹಿಡಿಯಿತು, ಮರುವರ್ಷ ಸುಪ್ರೀಂ ಕೋರ್ಟು ತೀರ್ಮಾನ ಕೊಟ್ಟಿತು.

‘ಆರಿಸಿಕೊಳ್ಳುವಾಗ’ ಅಂದೆ. ಸುಪ್ರೀಂ ಕೋರ್ಟಿಗೆ ಅಪೀಲು ಹೋಗುವುದು ಹಕ್ಕಲ್ಲ, ಬಹುಪಾಲು ಅದರ ಮರ್ಜಿ. ವರ್ಷಕ್ಕೆ ನಾಲ್ಕು ಸಾವಿರದಷ್ಟು ಅರ್ಜಿ ಬರುತ್ತವೆ, ವಾದ ಕೇಳುವುದು ಅರವತ್ತರ ಆಸುಪಾಸು. ಒಂಬತ್ತರಲ್ಲಿ ನಾಲ್ವರು ಬೇಕೆಂದರೆ ಸಾಕು, ಕೇಸು ಒಳಗೆ ಬರುತ್ತದೆ. ನಮ್ಮ ಸುಪ್ರೀಂ ಕೋರ್ಟಿನ ಮೂವತ್ತಕ್ಕೂ ಹೆಚ್ಚು ನ್ಯಾಯಮೂರ್ತಿಗಳು ಇಬ್ಬರು ಮೂವರಾಗಿ ಹಂಚಿಕೊಂಡು ಸಾವಿರಾರು ಕೇಸು ಕೇಳುತ್ತಾರೆ, ಅಲ್ಲಿ ಒಂಬತ್ತೂ ಮಂದಿ ಒಟ್ಟಿಗೇ ಕೂರುತ್ತಾರೆ. ಈ ಒಂಬತ್ತು ಎಂಬ ಅಂಕಿಯೂ ಸಂವಿಧಾನದ್ದಲ್ಲ. ಆರರಿಂದ ಶುರುವಾಗಿ ಒಮ್ಮೆ ಹತ್ತಕ್ಕೂ ಏರಿ, 1869ರಿಂದ ಒಂಬತ್ತರಲ್ಲಿ ನಿಂತಿದೆ. ಕಾಂಗ್ರೆಸ್ ಮನಸ್ಸು ಮಾಡಿದರೆ ನಾಳೆ ಬದಲಾಯಿಸಬಹುದು.

ಇಷ್ಟೆಲ್ಲ ಅಧಿಕಾರವಿರುವ ಕೋರ್ಟುಗಳಿಗೆ ಒಂದು ಬಲವಾದ ಕಟ್ಟಿದೆ. ನಿಜವಾದ ವ್ಯಾಜ್ಯವಿಲ್ಲದೆ ಅವು ಬಾಯಿ ಬಿಡುವಂತಿಲ್ಲ. 1793ರಲ್ಲಿ ಅಧ್ಯಕ್ಷ ವಾಷಿಂಗ್ಟನ್ ಕೆಲವು ಕಾನೂನು ಪ್ರಶ್ನೆಗಳಿಗೆ ಸಲಹೆ ಕೇಳಿದಾಗ ಸುಪ್ರೀಂ ಕೋರ್ಟು ಅದು ನಮ್ಮ ಕೆಲಸವಲ್ಲ ಎಂದು ಕೈಮುಗಿಯಿತು. ನಮ್ಮ ರಾಷ್ಟ್ರಪತಿಗಳು 143ನೇ ವಿಧಿಯಡಿ ಕೇಳುವಂತೆ ಅಲ್ಲಿ ಕೇಳಲಾಗದು. ಸಾರ್ವಜನಿಕ ಹಿತಾಸಕ್ತಿ ಅರ್ಜಿಯಂಥದ್ದೂ ಇಲ್ಲ. ಬಳ್ಳಾರಿ ಗಣಿಗಾರಿಕೆ ವಿರುದ್ಧ ಸಮಾಜ ಪರಿವರ್ತನ ಸಮುದಾಯ ನಮ್ಮ ಸುಪ್ರೀಂ ಕೋರ್ಟಿಗೆ ಹೋಯಿತಲ್ಲ, ಅಲ್ಲಾಗಿದ್ದರೆ ಮೊದಲ ಪ್ರಶ್ನೆಯೇ ‘ನಿಮಗೇನು ನಷ್ಟವಾಯಿತು?’ 1992ರ ಒಂದು ಕೇಸು ಬಹಳ ಹೆಸರಾದದ್ದು. ಅಮೆರಿಕದ ಹಣ ಸೇರಿದ ವಿದೇಶಿ ಯೋಜನೆಗಳಿಂದ ಅಪರೂಪದ ಪ್ರಾಣಿಗಳಿಗೆ ಕುತ್ತು ಎಂದು ವನ್ಯಜೀವಿ ಸಂಘಟನೆಯೊಂದು ದಾವೆ ಹೂಡಿತು. ಸದಸ್ಯರಿಬ್ಬರು, ತಾವು ಹಿಂದೆ ಈಜಿಪ್ಟಿಗೆ, ಶ್ರೀಲಂಕಾಕ್ಕೆ ಹೋಗಿದ್ದೆವು, ಮುಂದೊಂದು ದಿನ ನೈಲ್ ಮೊಸಳೆ, ಆನೆ, ಚಿರತೆ ನೋಡಲು ಮತ್ತೆ ಹೋಗುವ ಆಸೆಯಿದೆ ಎಂದು ಪ್ರಮಾಣಪತ್ರ ಕೊಟ್ಟರು. ಎಂದೋ ಒಂದು ದಿನ ಹೋಗುವ ಆಸೆ ಸಾಲದು ಎಂದು ಸುಪ್ರೀಂ ಕೋರ್ಟು ಅವರನ್ನು ಹೊರಗಿಟ್ಟಿತು. ಟಿಕೆಟ್ ಬುಕ್ ಮಾಡಿದ್ದರೆ ಒಳಗೆ ಬರುತ್ತಿದ್ದರೇ ಎಂದು ಕಾನೂನು ವಿದ್ಯಾರ್ಥಿಗಳು ಇಂದಿಗೂ ತಲೆ ಕೆಡಿಸಿಕೊಳ್ಳುತ್ತಾರೆ. ಈ ವಿಷಯದಲ್ಲಿ ನನಗೆ ನಮ್ಮ ದಾರಿಯೇ ಮೇಲು ಅನಿಸುತ್ತದೆ, ಅದರ ದುರುಪಯೋಗ ಗೊತ್ತಿದ್ದೂ.

ಇದು ನಿಮ್ಮ ಸೊಸೆಗೂ ತಟ್ಟುವ ವಿಚಾರ. ಗ್ರೀನ್ ಕಾರ್ಡ್ ಸರದಿಯಲ್ಲಿರುವ ಎಚ್-1ಬಿಯವರ ಗಂಡ ಅಥವಾ ಹೆಂಡತಿ ಕೆಲಸ ಮಾಡಬಹುದು ಎಂಬ ಎಚ್-4 ನಿಯಮ 2015ರಲ್ಲಿ ಬಂತು. ಎಚ್-1ಬಿಯವರಿಂದ ಕೆಲಸ ಕಳೆದುಕೊಂಡೆವೆಂದ ಅಮೆರಿಕನ್ ಐಟಿ ನೌಕರರ ಗುಂಪೊಂದು, ಸೇವ್ ಜಾಬ್ಸ್ ಯುಎಸ್‌ಎ, ಅದೇ ವರ್ಷ ರಾಜಧಾನಿಯ ಡಿಸ್ಟ್ರಿಕ್ಟ್ ಕೋರ್ಟಿಗೆ ಹೋಯಿತು. 2016ರಲ್ಲಿ ಕೋರ್ಟು, ನಿಮಗೆ ದಾವೆ ಹೂಡುವ ಹಕ್ಕೇ ಇಲ್ಲ ಎಂದು ವಜಾ ಮಾಡಿತು. 2019ರಲ್ಲಿ ಅಪೀಲು ಕೋರ್ಟು, ಕೆಲಸಕ್ಕೆ ಪೈಪೋಟಿ ಹೆಚ್ಚುವುದೂ ನಷ್ಟವೇ, ವಿಚಾರಣೆ ಮಾಡಿ ಎಂದು ಕೆಳಗೆ ಕಳಿಸಿತು. 2023ರಲ್ಲಿ ಕೆಳಗಿನ ಕೋರ್ಟು ನಿಯಮ ಸರಿಯಿದೆ ಎಂದಿತು, 2024ರಲ್ಲಿ ಅಪೀಲು ಕೋರ್ಟು ಹೌದೆಂದಿತು, 2025ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಕೇಳುವುದಿಲ್ಲ ಎಂದು ಒಂದು ಸಾಲಿನಲ್ಲಿ ಮುಗಿಸಿತು. ಹತ್ತು ವರ್ಷ! ಗೆದ್ದವ ಸೋತ, ಸೋತವ ಸತ್ತ ಎಂಬ ನಮ್ಮ ಗಾದೆಗೆ ಅಲ್ಲೂ ವೀಸಾ ಸಿಗುತ್ತದೆ.

ಒಂದು ಎಚ್ಚರಿಕೆ ಮಾತ್ರ ಮಗನಿಗೆ ತಲುಪಿಸಿ. ‘ಇಮಿಗ್ರೇಷನ್ ಕೋರ್ಟ್’ ಎಂಬ ಹೆಸರಿಗೆ ಮೋಸ ಹೋಗಬಾರದು. ಗಡೀಪಾರಿನ ಕೇಸು ಕೇಳುವ ಆ ಇಮಿಗ್ರೇಷನ್ ಜಡ್ಜ್‌ಗಳು ನಾನು ಇಷ್ಟು ಹೊತ್ತು ಹೇಳಿದ ಗೋಪುರದವರಲ್ಲ. ಅವರು ನ್ಯಾಯ ಇಲಾಖೆಯ ನೌಕರರು, ಅದರ ಮುಖ್ಯಸ್ಥರಾದ ಅಟಾರ್ನಿ ಜನರಲ್ ಕೈಕೆಳಗಿನವರು. ಅವರನ್ನು ಕೆಲಸದಿಂದ ತೆಗೆಯಲು ಮಹಾಭಿಯೋಗ ಬೇಕಿಲ್ಲ. ಅವರ ತೀರ್ಮಾನದ ಮೇಲೆ ಮೊದಲು ಅದೇ ಇಲಾಖೆಯ ಮೇಲ್ಮನವಿ ಮಂಡಳಿಗೆ ಹೋಗಬೇಕು. ಅಲ್ಲಿಂದಾಚೆಗೆ ಸರ್ಕ್ಯೂಟ್ ಕೋರ್ಟಿಗೆ ಹೋದಾಗಲೇ ಆಜೀವ ಹುದ್ದೆಯ ಜಡ್ಜಿನ ಮುಂದೆ ನಿಲ್ಲುವುದು.

ನಿಮ್ಮ ಮೊಮ್ಮಗಳ ಕೇಸಿಗೆ ಬರೋಣ. 2025ರ ಡಿಸೆಂಬರ್ 5ರಂದು ಸುಪ್ರೀಂ ಕೋರ್ಟು ನ್ಯೂ ಹ್ಯಾಂಪ್‌ಶೈರ್ ಪ್ರಕರಣವನ್ನು ವಿಚಾರಣೆಗೆ ಎತ್ತಿಕೊಂಡಿತು, ನಡುವಿನ ಸರ್ಕ್ಯೂಟ್ ಕೋರ್ಟಿನ ತೀರ್ಪಿಗೂ ಕಾಯದೆ. ಹಾಗೆ ಮೆಟ್ಟಿಲು ಹಾರುವುದು ಅಪರೂಪ. ಈ ಸಲ ತಡೆಯಾಜ್ಞೆಯ ಉದ್ದ ಅಗಲದ ಮಾತಿಲ್ಲ, ಅಮೆರಿಕದಲ್ಲಿ ಹುಟ್ಟಿದವರಿಗೆ ಪೌರತ್ವ ಎನ್ನುವ ಹದಿನಾಲ್ಕನೆಯ ತಿದ್ದುಪಡಿಯ ಅರ್ಥವೇ ಪ್ರಶ್ನೆ. ಎದುರಿಗಿರುವುದು 1898ರ ತೀರ್ಪು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಚೀನಿ ದಂಪತಿಗೆ ಹುಟ್ಟಿದ ವಾಂಗ್ ಕಿಮ್ ಆರ್ಕ್ ಚೀನಾಕ್ಕೆ ಹೋಗಿ ಮರಳಿದಾಗ ಬಂದರಿನಲ್ಲಿ ತಡೆದರು. ಅವನು ಹುಟ್ಟಿನಿಂದಲೇ ಪೌರ ಎಂದು ಆರು–ಎರಡರ ಬಹುಮತ ಹೇಳಿತು. ಅಲ್ಲಿಯೂ ಮೊದಲು ಅವನ ಪರ ತೀರ್ಪು ಕೊಟ್ಟದ್ದು ಒಬ್ಬ ಡಿಸ್ಟ್ರಿಕ್ಟ್ ಜಡ್ಜೇ.

ಇಂಥ ಕೇಸುಗಳ ವಾದ ನಡೆಯುವ ದಿನ ಸುಪ್ರೀಂ ಕೋರ್ಟಿನ ಜಾಲತಾಣದಲ್ಲಿ ನೇರವಾಗಿ ಕೇಳಬಹುದು. ಕ್ಯಾಮೆರಾ ಬಿಡುವುದಿಲ್ಲ, ದನಿ ಮಾತ್ರ, ಅದೂ 2020ರ ಕೋವಿಡ್ ಕಾಲದಿಂದ. ದೊಡ್ಡ ತೀರ್ಪುಗಳು ಸಾಮಾನ್ಯವಾಗಿ ಬರುವುದು ಜೂನ್ ಕೊನೆಗೆ, ಒಮ್ಮೊಮ್ಮೆ ಜುಲೈ ಮೊದಲ ದಿನಗಳಿಗೆ ಜಾರುತ್ತವೆ. ಹೊರಬೀಳುವ ಸಮಯ ಅಲ್ಲಿನ ಬೆಳಿಗ್ಗೆ ಹತ್ತು ಗಂಟೆ. ನಿಮಗೆ ಆಗ ಸಂಜೆ ಏಳೂವರೆ. ಮಳೆಗಾಲ, ಸಾಗರದಲ್ಲಿ ಕರೆಂಟು ನೆಚ್ಚುವಂತಿಲ್ಲ, ಮೊಬೈಲು ಮೊದಲೇ ಚಾರ್ಜ್ ಮಾಡಿಟ್ಟುಕೊಳ್ಳಿ.